ರೇಡಿಯೇಶನ್ ಆಗಿ ಆರು ವರ್ಷಕ್ಕೆ ಪಿಎಸ್ಎ 2.5: ವೃಷಣ ತೆಗೆಸುವುದೊಂದೇ ದಾರಿಯೇ?

ಗದಗ_ಕ್ಲಿನಿಕ್:
ರೋಗಿಗೆ 70, ಗದಗ ಹತ್ತಿರದ ಹಳ್ಳಿಯವರು. 2019ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ 20 ಸಿಟಿಂಗ್‌ಗಳಲ್ಲಿ 60 ಗ್ರೇ (ರೇಡಿಯೇಶನ್ ಪ್ರಮಾಣದ ಅಳತೆ) ರೇಡಿಯೇಶನ್, ಜೊತೆಗೆ ಆರು ತಿಂಗಳು ಹಾರ್ಮೋನ್ ತಡೆಯುವ ಇಂಜೆಕ್ಷನ್. ಆಗ ಗ್ಲೀಸನ್ (ಬಯಾಪ್ಸಿಯಲ್ಲಿ ಕಂಡ ಕ್ಯಾನ್ಸರಿನ ಉಗ್ರತೆಯ ಅಂಕ) 3+4. ಪಿಎಸ್ಎ (ರಕ್ತದಲ್ಲಿ ಅಳೆಯುವ ಪ್ರಾಸ್ಟೇಟಿನ ಪ್ರೋಟೀನ್) ಕೆಳಗೆ ಇಳಿದದ್ದು 0.3ರವರೆಗೆ. ಆಮೇಲೆ ಆರಾರು ತಿಂಗಳಿಗೆ 0.8, 1.2, 1.7, ಈಗ 2.5. ಬೋನ್ ಸ್ಕ್ಯಾನ್ ಕ್ಲೀನ್. ವೃಷಣ ತೆಗೆಸಿಬಿಡಿ ಎಂಬ ಸಲಹೆ ಬಂದಿದೆ, ಮನೆಯವರು ಒಪ್ಪಿ ತಾರೀಕೂ ಗೊತ್ತಾಗಿದೆ. ಕಾಯಿಲೆ ಪ್ರಾಸ್ಟೇಟಿನಲ್ಲಷ್ಟೇ ಮರಳಿದ್ದರೆ ಗುಣಪಡಿಸುವ ದಾರಿ ಇನ್ನೂ ಉಂಟೇ?

ಹುಬ್ಬಳ್ಳಿ_ಯುರೋ:
ಡಾಕ್ಟರ್ರ, ಮೊದಲ ಆ ತಾರೀಕು ಮುಂದಕ್ಕ ಹಾಕಸ್ರಿ. ರೇಡಿಯೇಶನ್ ನಂತರ ಪಿಎಸ್ಎ ಎಷ್ಟು ಕೆಳಗ ಇಳಿದಿತ್ತೋ ಅದರ ಮ್ಯಾಲೆ 2 ಏರಿದ್ರ ಕಾಯಿಲಿ ಮರಳೇತಿ ಅಂತ ಲೆಕ್ಕ. ಇವರಿಗೆ ಗೆರಿ 2.3, ಅದನ್ನ ದಾಟ್ಯಾರ. ಸುಮ್ಮನ ಜಿಗಿದು ತಾನ ಇಳಿಯೂ ಪಿಎಸ್ಎ ಸಾಮಾನ್ಯವಾಗಿ ಮೊದಲ ಎರಡು-ಮೂರು ವರ್ಷದಾಗ ಕಾಣತೈತಿ. ಇದು ಮೆಟ್ಟಿಲು ಹತ್ತಿದಂಗ ಏರೇತಿ. ಇಮ್ಮಡಿ ಆಗಾಕ ಸುಮಾರು 11 ತಿಂಗಳು. ಆರು ತಿಂಗಳೊಳಗ ಇಮ್ಮಡಿ ಆಗಿದ್ರ ಬ್ಯಾರೆ ಕಡೆ ಹರಡೇತಿ ಅನ್ನೂ ಸಂಶಯ ಜೋರಾಗ್ತಿತ್ತು. ಒಂದು ಮಾತು ಕೇಳ್ರಿ: ಮೂತ್ರದ ತೊಂದರಿಗೆ ಡ್ಯುಟಾಸ್ಟರೈಡ್ ತಗೋತಿದ್ದು ನಡುವ ಬಿಟ್ಟಾರೇನು? ಆ ಗುಳಿಗಿ ಪಿಎಸ್ಎನ್ನ ಅರ್ಧಕ್ಕ ಇಳಸತೈತಿ, ಬಿಟ್ರ ಏರತೈತಿ.

2.5ರಾಗ ಬೋನ್ ಸ್ಕ್ಯಾನ್ ಕ್ಲೀನ್ ಬರೂದು ದೊಡ್ಡ ಸುದ್ದಿ ಅಲ್ಲ. ಬೇಕಾದ್ದು ಎಂಆರ್‌ಐ ಮತ್ತ ಪಿಎಸ್‌ಎಂಎ ಪೆಟ್ (ಪ್ರಾಸ್ಟೇಟ್ ಕ್ಯಾನ್ಸರ್ ಕೋಶಕ್ಕ ಅಂಟೂ ಔಷಧಿ ಹಾಕಿ ಮೈಯೆಲ್ಲಾ ನೋಡೂ ಸ್ಕ್ಯಾನ್), ಎರಡೂ ಹಾರ್ಮೋನ್ ಚಿಕಿತ್ಸಾ ಶುರು ಮಾಡೂಕಿಂತ ಮೊದಲ. ವೃಷಣ ತೆಗೆಯೂದೂ ಗಂಡಸಿನ ಹಾರ್ಮೋನ್ ನಿಲ್ಲಸೂ ಚಿಕಿತ್ಸಾನ; ತೆಗೆದಮ್ಯಾಲೆ ಪಿಎಸ್ಎ ಬಿದ್ದುಬಿಡತೈತಿ, ಎಲ್ಲಾರೂ ಖುಷಿ ಆಗ್ತಾರ, ಗಡ್ಡಿ ಎಲ್ಲೈತಿ ಅಂತ ಹುಡುಕೂದು ಅಲ್ಲಿಗೇ ನಿಲ್ಲತೈತಿ. ಸ್ಕ್ಯಾನಿನಾಗ ಪ್ರಾಸ್ಟೇಟ್ ಒಂದ ಬೆಳಗಿದ್ರ ಬಯಾಪ್ಸಿ ಬೇಕ ಬೇಕು. ಗುದದ್ವಾರದಿಂದ ಬ್ಯಾಡ, ವೃಷಣದ ಹಿಂದಿನ ಚರ್ಮದಿಂದ ಸೂಜಿ ಹಾಕಸ್ರಿ. ಪೆಥಾಲಜಿ ಫಾರ್ಮಿನ ಮ್ಯಾಲೆ ‘2019ರಲ್ಲಿ ರೇಡಿಯೇಶನ್ ಆಗಿದೆ’ ಅಂತ ಬರೀರಿ. ರೇಡಿಯೇಶನ್ ತಿಂದ ಒಳ್ಳೆ ಜೀವಕೋಶನೂ ಕ್ಯಾನ್ಸರಿನಂಗ ಕಾಣತಾವ.

ಧಾರವಾಡ_ಫಿಸಿಸಿಸ್ಟ್:
ಬಯಾಪ್ಸಿ ಖಚಿತವಾದರೆ ದಾರಿ ಹಲವು: ಪ್ರಾಸ್ಟೇಟ್ ತೆಗೆಯುವುದು, ಒಳಗೆ ವಿಕಿರಣದ ಮೂಲವಿಟ್ಟು ಕೊಡುವ ಬ್ರಾಕಿಥೆರಪಿ, ಹೊರಗಿನಿಂದ ಕೆಲವೇ ಸಿಟಿಂಗ್‌ಗಳ ಎಸ್‌ಬಿಆರ್‌ಟಿ, ಹೆಪ್ಪುಗಟ್ಟಿಸುವ ಕ್ರಯೋ, ಶಬ್ದತರಂಗದಿಂದ ಸುಡುವ ಹೈಫು. ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಐದು ವರ್ಷ ಕಾಯಿಲೆ ಮತ್ತೆ ತಲೆಯೆತ್ತದವರ ಪ್ರಮಾಣ ಎಲ್ಲದರಲ್ಲೂ ಹೆಚ್ಚುಕಡಿಮೆ ಶೇ. 50ರಿಂದ 60. ವ್ಯತ್ಯಾಸ ಕಂಡದ್ದು ತೊಂದರೆಯಲ್ಲಿ: ಮೂತ್ರಾಂಗದ ತೀವ್ರ ತೊಂದರೆ ಶಸ್ತ್ರಕ್ರಿಯೆ ಮತ್ತು ಹೈಫುನಲ್ಲಿ ಶೇ. 20ಕ್ಕೂ ಮೇಲೆ, ಮರು ರೇಡಿಯೇಶನ್ನಿನಲ್ಲಿ ಶೇ. 4ರಿಂದ 8. ಆದರೆ ಇವು ಆಯ್ದ ರೋಗಿಗಳ ಲೆಕ್ಕ, ನೇರ ಸ್ಪರ್ಧೆಯಲ್ಲ. 70ರ ವಯಸ್ಸಿನಲ್ಲಿ ನನ್ನ ಒಲವು ಮರು ರೇಡಿಯೇಶನ್ ಕಡೆಗೆ.

ಎಸ್‌ಬಿಆರ್‌ಟಿಯಲ್ಲಿ ಸಾಮಾನ್ಯವಾಗಿ 5 ಸಿಟಿಂಗ್, ಒಟ್ಟು 30 ಗ್ರೇ ಆಸುಪಾಸು, ದಿನ ಬಿಟ್ಟು ದಿನ. ಅದಕ್ಕೂ ಮೊದಲು ಯುರೋಫ್ಲೋ (ಮೂತ್ರದ ಧಾರೆಯ ವೇಗದ ಪರೀಕ್ಷೆ) ಮಾಡಿಸಿ, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯುತ್ತದೆ ಎಂದೂ ನೋಡಿ. ಈಗಲೇ ಧಾರೆ ಕಟ್ಟಿದ್ದರೆ ಚಿಕಿತ್ಸೆಯ ನಂತರ ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಬೇಕಾಗಬಹುದು.

ಎಲ್ಲಕ್ಕಿಂತ ಮುಖ್ಯ ಹಳೆಯ ದಾಖಲೆ. ಡಿಸ್ಚಾರ್ಜ್ ಕಾರ್ಡಿನ ‘60 ಗ್ರೇ’ ಎಂಬ ಒಂದು ಸಾಲು ಸಾಲದು. ಪ್ಲಾನಿಂಗ್ ಸಿಟಿ, ಸ್ಟ್ರಕ್ಚರ್ ಸೆಟ್ (ಅಂಗಗಳ ಗಡಿ ಗುರುತಿಸಿದ ಫೈಲು), ಪ್ಲಾನ್, ಡೋಸ್ ನಾಲ್ಕೂ ಡೈಕಾಮ್ (ವೈದ್ಯಕೀಯ ಚಿತ್ರಗಳ ಕಂಪ್ಯೂಟರ್ ರೂಪ) ಫೈಲುಗಳಾಗಿ ಬೇಕು. ಗುದನಾಳದ ಮುಂಭಾಗದ ಗೋಡೆ ಆಗ ಎಷ್ಟು ತಿಂದಿದೆ ಎಂಬುದರ ಮೇಲೆಯೇ ಈಗ ಎಷ್ಟು ಕೊಡಬಹುದು ಎನ್ನುವುದು ನಿಂತಿದೆ.

ಹಾವೇರಿ_ನರ್ಸಕ್ಕ:
ಚೀಟ್ಯಾಗ ಬರೇ ‘ಪೆಟ್ ಸ್ಕ್ಯಾನ್’ ಅಂತ ಬರದ್ರ ಎಫ್‌ಡಿಜಿ (ಸಕ್ಕರಿಯಂಥ ಔಷಧಿ ಹಾಕೂ ಸ್ಕ್ಯಾನ್) ಮಾಡಿ ಕಳಸ್ತಾರ್ರಿ, ಈ ಕಾಯಿಲಿಗೆ ಅದು ಅಷ್ಟಾಗಿ ಉಪಯೋಗಿಲ್ಲ. ‘ಪಿಎಸ್‌ಎಂಎ’ ಅಂತ ದೊಡ್ಡಕ್ಷರದಾಗ ಬರೀರಿ. ಸ್ಕ್ಯಾನಿಗೆ ಹಾಕೂ ವಿಕಿರಣ ಔಷಧಿ ಗ್ಯಾಲಿಯಂ-68 ಆದ್ರ 68 ನಿಮಿಷಕ್ಕ ಅರ್ಧ ಆಗಿಬಿಡತೈತಿ, ಟ್ರೇನ್ ತಡ ಆತು ಅಂತ ಮಧ್ಯಾಹ್ನ ಹೋದ್ರ ಔಷಧಿ ಉಳದಿರೂದಿಲ್ಲ. ಹಿಂದಿನ ರಾತ್ರಿನ ಊರು ಮುಟ್ಟಿರ್ರಿ. ಇದಕ್ಕ ಎಫ್‌ಡಿಜಿಯಂಗ ಸಕ್ಕರಿ ಲೆಕ್ಕ ಇಲ್ಲ. ನೀರು ಚಲೋ ಕುಡದು, ಸ್ಕ್ಯಾನಿಗೆ ಮಲಗೂ ಮೊದಲ ಮೂತ್ರ ಮಾಡಿ ಬರ್ರಿ. ಚೀಲ ತುಂಬಿದ್ರ ಅದರ ಬೆಳಕಿನಾಗ ಪ್ರಾಸ್ಟೇಟ್ ಮುಚ್ಚಿಹೋಗತೈತಿ.

ಇನ್ನೊಂದು. ಅಜ್ಜಾರಿಗೆ ಸಂಡಾಸದಾಗ ರಕ್ತ ಕಂಡು ಯಾರಾದ್ರೂ ಕೊಲೊನೋಸ್ಕೋಪಿ ಮಾಡಿದ್ರ, ರೇಡಿಯೇಶನ್ ಆಗೇತಿ ಅಂತ ಮೊದಲ ಹೇಳ್ರಿ. ಗುದನಾಳದ ಮುಂದಿನ ಗೋಡಿ ಚಿವುಟಿ ಬಯಾಪ್ಸಿ ತಗದ್ರ ಆ ಗಾಯ ಸುಲಭಕ್ಕ ಮಾಯೂದಿಲ್ಲ, ಮೂತ್ರನಾಳಕ್ಕ ತೂತು ಬೀಳೂ ಅಪಾಯ ಐತಿ.

ಗದಗ_ಕ್ಲಿನಿಕ್:
ಡ್ಯುಟಾಸ್ಟರೈಡ್ ಇಲ್ಲ, ಮೂತ್ರ ಸಲೀಸಾಗಿಸುವ ಟ್ಯಾಮ್ಸುಲೋಸಿನ್ ಮಾತ್ರ. ಆಪರೇಷನ್ ತಡೆದಿದ್ದೇನೆ. 2019ರ ಸಿ.ಡಿ. ಮಾತ್ರ ಓಪನ್ ಆಗುತ್ತಿಲ್ಲ.

ಧಾರವಾಡ_ಫಿಸಿಸಿಸ್ಟ್:
ಸಿ.ಡಿ. ಬಿಡಿ. ರೇಡಿಯೇಶನ್ ಕೊಟ್ಟ ಕಡೆಯ ಫಿಸಿಕ್ಸ್ ವಿಭಾಗಕ್ಕೆ ರೋಗಿಯ ರಿಜಿಸ್ಟ್ರೇಶನ್ ನಂಬರ್ ಮತ್ತು ತಾರೀಕು ಕೊಟ್ಟು, ಪ್ಲಾನಿಂಗ್ ಸಿಸ್ಟಮ್ಮಿನ ಬ್ಯಾಕಪ್‌ನಿಂದ ಎಕ್ಸ್‌ಪೋರ್ಟ್ ಮಾಡಿಕೊಡಿ ಎಂದು ಲಿಖಿತವಾಗಿ ಕೇಳಿ, ಪೆನ್ ಡ್ರೈವ್ ಜೊತೆಗೇ ಕಳಿಸಿ. ರಿಸೆಪ್ಷನ್ನಿನಲ್ಲಿ ಕೇಳಿದರೆ ‘ಹಳೇದು ಇಲ್ರೀ’ ಎನ್ನುತ್ತಾರೆ, ಅವರಿಗೆ ಆ ಕಂಪ್ಯೂಟರ್ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ.