ಮರು: ಫ್ಲೆಕ್ಸ್‌ಗೆ ಪದ ಬೇಕು: ಸಮ್ಮತಿಯೋ, ಒಪ್ಪಿಗೆಯೋ?

ಮೇಡಂ, ಮದುವೆಯಾಗುತ್ತೇನೆಂದು ಸುಳ್ಳು ಹೇಳಿ ದೈಹಿಕ ಸಂಬಂಧ ಬೆಳೆಸುವುದರ ಬಗ್ಗೆ ಕಾಲೇಜು ಮಕ್ಕಳಿಗೆ ತಿಳಿಸುವ ಫ್ಲೆಕ್ಸ್‌ನಲ್ಲಿ 'ಕನ್ಸೆಂಟ್'ಗೆ ಯಾವ ಪದ ಹಾಕಲಿ ಅಂತ ಕೇಳಿದ್ದೀರಿ. ಅದು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಅವಸರದ್ದು. "ಮದುವೆಯ ಮಾತು ತಪ್ಪಿದರೆ ಜೈಲು" ಎಂಬ ಸಾಲು ತೆಗೆಸಿ. ಕಾನೂನು ಹಾಗೆ ಹೇಳುವುದಿಲ್ಲ. ಮಾತು ತಪ್ಪುವುದು ಆಮೇಲೆ ಆಗುವಂಥದ್ದು. ಭಾರತೀಯ ನ್ಯಾಯ ಸಂಹಿತೆಯ, ಅಂದರೆ ಈಗಿನ ಅಪರಾಧ ಕಾನೂನಿನ, 69ನೇ ಕಲಂ ಕೇಳುವುದು, ಮಾತು ಕೊಟ್ಟಾಗಲೇ ಮದುವೆಯಾಗುವ ಮನಸ್ಸು ಇತ್ತೇ ಅಂತ. ಸುಳ್ಳು ಭರವಸೆ ಬೇರೆ, ಈಡೇರದ ಭರವಸೆ ಬೇರೆ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಬಿಡಿಸಿ ಹೇಳಿದೆ.

ಸುಳ್ಳು ಭರವಸೆ ಕೊಡುವುದಕ್ಕೆ ನಮ್ಮಲ್ಲಿ ಪದ ಇದೆ: ನಂಬಿಸು. ತುಮಕೂರು ಕೋರ್ಟ್ ಎದುರು ಹದಿನೆಂಟು ವರ್ಷದಿಂದ ದೂರು ಟೈಪ್ ಮಾಡುತ್ತಿದ್ದೇನೆ. "ಭರವಸೆ ಕೊಟ್ಟ" ಅಂತ ಯಾವ ಹುಡುಗಿಯೂ ಹೇಳಿದ್ದು ಕೇಳಿಲ್ಲ. ವೇಲಿನ ಅಂಚು ಬೆರಳಿಗೆ ಸುತ್ತುತ್ತಾ "ನಂಬಿಸಿಬಿಟ್ಟ ಅಣ್ಣಾ" ಅಂತಾರೆ. ನಂಬಿದ್ದು ಅವಳು, ನಂಬಿಸಿದ್ದು ಅವನು. ಆ 'ಇಸು'ವಿನಲ್ಲೇ ಅವನ ಉದ್ದೇಶ ಕೂತಿದೆ.

'ವಾಗ್ದಾನ' ಬೇಡವೇ ಬೇಡ. ಅದು ಅಪ್ಪ ಮಗಳನ್ನು ಕೊಡುತ್ತೇನೆ ಅನ್ನುವ ಶಾಸ್ತ್ರ. 'ಸುಳ್ಳು ವಚನ'ವೂ ಬೇಡ. ವಚನ ಅಂದರೆ ನಮ್ಮೂರಲ್ಲಿ ಬಸವಣ್ಣನವರದು.

ಇನ್ನು ಸಮ್ಮತಿ. ಸಂಸ್ಕೃತ ಅಂತ ಸುಮ್ನೆ ತಳ್ಳಿಹಾಕುತ್ತಿಲ್ಲ. ಆ ಪದದ ಬೆನ್ನಿಗೇ "ಮೌನಂ ಸಮ್ಮತಿ ಲಕ್ಷಣಂ" ಬಂದುಬಿಡುತ್ತೆ, ಅಲ್ವಾ? ಕಾನೂನು ಇದಕ್ಕೆ ನೇರ ಉಲ್ಟಾ. ಕೊಸರಾಡಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದಳು ಎಂದಲ್ಲ, ಅಂತ ಅದೇ ಸಂಹಿತೆಯ 63ನೇ ಕಲಂನಲ್ಲೇ ಇದೆ. ಒಪ್ಪಿಗೆಯ ಬೇರು ನೋಡಿ. ವಿಜಯನಗರದ ಶಾಸನಗಳ ಕೊನೆಗೆ "ಶ್ರೀ ವಿರೂಪಾಕ್ಷ" ಅಂತ ಬರುವ ಅರಸನ ರುಜುವಿಗೆ 'ಒಪ್ಪ' ಎಂದೇ ಹೆಸರು. ಸುಮ್ಮನೆ ಕೂತರೆ ಒಪ್ಪ ಬೀಳುವುದಿಲ್ಲ.

ಕಾಲೇಜು ಮಕ್ಕಳಿಗೆ 'ಕನ್ಸೆಂಟ್' ಸಾಕು ಅಂದವರ ಮಾತು ನಾನು ಒಪ್ಪಲ್ಲ. ಫ್ಲೆಕ್ಸ್, ಟೈಪ್ ನಾನೂ ಬಳಸುತ್ತೇನೆ, ಅವುಗಳ ಮೇಲೆ ಜಗಳವಿಲ್ಲ. ಆದರೆ ಕನ್ಸೆಂಟ್ ಅಂದರೆ ನಮ್ಮ ಜನಕ್ಕೆ ಆಪರೇಷನ್‌ಗೆ ಮುಂಚೆ ಓದದೆ ಹೆಬ್ಬೆಟ್ಟು ಒತ್ತುವ ಕಾಗದ.

ಒಂದು ಎಚ್ಚರ: 'ಒಪ್ಪಿಗೆ' ಒಂದನ್ನೇ ಬರೆದರೆ ಹೆಣ್ಣು ನೋಡಿದ ಮಾತು ಅಂದುಕೊಳ್ತಾರೆ. "ಹುಡುಗಿ ಕಡೆಯವರು ಒಪ್ಪಿಗೆಯಾ?" ಅಂತೀವಲ್ಲ, ಹಾಗೆ. 'ಅವಳ ಒಪ್ಪಿಗೆ' ಅಂತಲೇ ಇರಲಿ. ಪೂರ್ತಿ ಸಾಲು ಹೀಗೆ ಹಾಕಿಸಿ:

"ಮದುವೆಯಾಗುವ ಮನಸ್ಸೇ ಇಲ್ಲದೆ, ಆಗುತ್ತೇನೆಂದು ನಂಬಿಸಿ ಹೆಣ್ಣಿನ ಜೊತೆ ದೈಹಿಕ ಸಂಬಂಧ ಬೆಳೆಸುವುದು ಅಪರಾಧ. 10 ವರ್ಷದವರೆಗೆ ಜೈಲು, ಜೊತೆಗೆ ದಂಡ. ಸುಮ್ಮನಿರುವುದು ಅವಳ ಒಪ್ಪಿಗೆಯಲ್ಲ."