ಅಮೆರಿಕದ ಕಾನ್ಸಾಸ್ ರಾಜ್ಯದ ಬೇಟೆ ಕ್ಲಬ್ಬಿಗೆ ಸೇರಬೇಕೇ? – ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನ ಚರ್ಚೆ

(ಹಾಸ್ಟೆಲ್ಲಿನಲ್ಲಿ ಊರಿನ ಹೆಸರಿನಿಂದಲೇ ಕರೆಸಿಕೊಳ್ಳುತ್ತಿದ್ದವರು ಇಲ್ಲಿಯೂ ಅದೇ ಹೆಸರಿನಲ್ಲಿದ್ದಾರೆ.)

ಹಾಸನ: ಬೇಟೆ ಕ್ಲಬ್ಬೊಂದರ ಸದಸ್ಯತ್ವದ ವಿವರವನ್ನು ಮೇಲೆ ಹಂಚಿಕೊಂಡಿದ್ದೇನೆ. ಈ ಕ್ಲಬ್ಬು ಕಾನ್ಸಾಸ್ ಮತ್ತು ಮಿಸೌರಿಯ ರೈತರಿಂದ ಜಮೀನುಗಳನ್ನು ಗುತ್ತಿಗೆಗೆ ಪಡೆದಿದೆ. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದವನು ತನಗೆ ಬೇಕಾದ ಜಮೀನನ್ನು ಮೊದಲೇ ಕಾದಿರಿಸಿ, ಗೈಡ್ ಇಲ್ಲದೆ ತಾನೇ ಹೋಗಿ ಬೇಟೆಯಾಡಬಹುದು. ಆ ದಿನ ಅಲ್ಲಿಗೆ ಬೇರೆ ಸದಸ್ಯರು ಬರುವಂತಿಲ್ಲ. ನಾನು ಕಾನ್ಸಾಸ್‌ನ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿದ್ದೇನೆ, ಸಿರ್ಸಿ ಅದೇ ರಾಜ್ಯದ ವಿಚಿಟಾದಲ್ಲಿದ್ದಾನೆ, ಗದಗ ಟೆಕ್ಸಾಸ್‌ನ ಡಲ್ಲಾಸ್‌ನಿಂದ ಬರಬಲ್ಲ. ಮೂವರೂ ಒಂದು ಸದಸ್ಯತ್ವದ ಹಣವನ್ನು ಹಂಚಿಕೊಂಡರೆ ನವೆಂಬರ್‌ನಲ್ಲಿ ಫೆಸೆಂಟ್ ಹಕ್ಕಿಗೂ ಡಿಸೆಂಬರ್‌ನಲ್ಲಿ ಜಿಂಕೆಗೂ ಹೋಗಬಹುದಲ್ಲವೇ?

ಧಾರವಾಡ: ಊರಿನಲ್ಲಿ ಜಿಂಕೆ ಕೊಂದರೆ ಜೈಲು, ಅಲ್ಲಿ ಕೊಲ್ಲಲು ಚಂದಾ! ನನಗಂತೂ ಇದು ಮನಸ್ಸಿಗೆ ಒಗ್ಗುವುದಿಲ್ಲ. ಮಡಿಕೇರಿ, ಮನೆಯಲ್ಲಿ ಕೋವಿ ಇಟ್ಟುಕೊಂಡವನು ನೀನು, ನಿನ್ನ ಅಭಿಪ್ರಾಯವೇನು?

ಮಡಿಕೇರಿ: ಕೋವಿ ಇರುವುದಕ್ಕೂ ಬೇಟೆಗೂ ಸಂಬಂಧವಿಲ್ಲ. ಕೊಡವರಿಗೆ ಇರುವ ವಿನಾಯಿತಿ ಶಸ್ತ್ರಾಸ್ತ್ರ ಲೈಸೆನ್ಸಿನಿಂದ ಮಾತ್ರ. 1972ರ ವನ್ಯಜೀವಿ ಕಾಯ್ದೆ ನಮಗೂ ಅನ್ವಯಿಸುತ್ತದೆ. ಕೈಲ್‌ಪೊಳ್ದು ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ, ಅಷ್ಟೇ. ಆದರೆ ಅಮೆರಿಕದ ವ್ಯವಸ್ಥೆಯೇ ಬೇರೆ. ಅಲ್ಲಿ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲೆ ವಸೂಲಾಗುವ ಶೇ. 11ರ ಕೇಂದ್ರ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ.

ಧಾರವಾಡ: ತೆರಿಗೆ ಕಟ್ಟಿದ ಮಾತ್ರಕ್ಕೆ ಕೊಲ್ಲುವುದು ಪುಣ್ಯದ ಕೆಲಸವಾಗುವುದಿಲ್ಲ. ಇರಲಿ, ಸೇರುವವರು ಸೇರಿಕೊಳ್ಳಿ. ಇನ್ನು ಮುಂದೆ ಲೆಕ್ಕಾಚಾರದ ವಿಷಯ ಮಾತ್ರ ಕೇಳುತ್ತೇನೆ.

ಗದಗ: ಲೆಕ್ಕಾಚಾರವನ್ನೇ ಹೇಳುತ್ತೇನೆ. ಈ ಶುಲ್ಕಕ್ಕೆ ಜಮೀನಿಗೆ ಕಾಲಿಡುವ ಅನುಮತಿಯೊಂದು ಸಿಗುತ್ತದೆಯೇ ಹೊರತು ಜಿಂಕೆಯಾಗಲಿ ಹಕ್ಕಿಯಾಗಲಿ ಸಿಗುವುದಿಲ್ಲ. ಕಾನ್ಸಾಸ್‌ನ ನೆಲ ಬಹುಪಾಲು ಖಾಸಗಿಯವರದ್ದು, ಬೇಲಿಯ ಕಂಬಕ್ಕೆ ನೇರಳೆ ಬಣ್ಣ ಬಳಿದಿದ್ದರೆ ಮಾಲೀಕನ ಲಿಖಿತ ಅನುಮತಿಯಿಲ್ಲದೆ ಒಳಗೆ ಹೋಗಿ ಬೇಟೆಯಾಡುವಂತಿಲ್ಲ. ಹಾಗಾಗಿ ಮನೆಮನೆಯ ಬಾಗಿಲು ತಟ್ಟುವ ಶ್ರಮವನ್ನು ಕ್ಲಬ್ಬು ನಮ್ಮ ಪರವಾಗಿ ಮಾಡುತ್ತದೆ, ಅದಕ್ಕೆ ಬೆಲೆಯಿದೆ ಎಂದು ಒಪ್ಪುತ್ತೇನೆ. ಲೈಸೆನ್ಸು, ಜಿಂಕೆಯ ಪರ್ಮಿಟ್ಟು ಎಲ್ಲವೂ ಪ್ರತ್ಯೇಕ. ಹಾಸನ ಆ ರಾಜ್ಯದ ನಿವಾಸಿಯಾದ್ದರಿಂದ ಅವನಿಗೆ ಪರ್ಮಿಟ್ಟು ಸುಲಭ. ನಾನು ಹೊರರಾಜ್ಯದವನು, ಏಪ್ರಿಲ್‌ನಲ್ಲಿ ಅರ್ಜಿ ಹಾಕಿ ಲಾಟರಿಯಲ್ಲಿ ಹೆಸರು ಬಂದರೆ ಮಾತ್ರ ನನಗೆ ಜಿಂಕೆ. ಲಾಟರಿ ಕೈಕೊಟ್ಟ ವರ್ಷ ಈ ಸದಸ್ಯತ್ವ ನನಗೆ ಹಕ್ಕಿಗಳಿಗಷ್ಟೇ ಉಪಯೋಗ.

ಹಾಸನ: ನಿಯಮದ ಪ್ರಕಾರ ಒಬ್ಬನು ದಿನಕ್ಕೆ 4 ಗಂಡು ಫೆಸೆಂಟ್, ಬಾಬ್‌ವೈಟ್ ಎಂಬ ಬುರ್ಲಿ ಹಕ್ಕಿಯಾದರೆ ದಿನಕ್ಕೆ 8 ಹೊಡೆಯಬಹುದು. ಅದು ಕಡಿಮೆಯೇ?

ಗದಗ: ಅವು ಸಿಗುವ ಜಾಗಕ್ಕೆ ದುಡ್ಡೇ ಕೊಡಬೇಕಾಗಿಲ್ಲವಲ್ಲ. ರಾಜ್ಯದ ವನ್ಯಜೀವಿ ಇಲಾಖೆಯೇ ರೈತರಿಗೆ ಗುತ್ತಿಗೆ ಹಣ ಕೊಟ್ಟು 1995ರಿಂದ ವಾಕ್-ಇನ್ ಯೋಜನೆ ನಡೆಸುತ್ತಿದೆ. 10 ಲಕ್ಷ ಎಕರೆಗೂ ಹೆಚ್ಚು ಜಮೀನು ಅದರಲ್ಲಿದೆ, ಲೈಸೆನ್ಸ್ ಇರುವ ಯಾರು ಬೇಕಾದರೂ ನಡೆದು ಹೋಗಬಹುದು. ಅದರಲ್ಲಿ ಬಹಳಷ್ಟು, ಉಳುಮೆ ನಿಲ್ಲಿಸಿ ಹುಲ್ಲು ಬೆಳೆಸಲು ರೈತನಿಗೆ ಕೇಂದ್ರ ಸರ್ಕಾರ ಹಣ ಕೊಡುವ ಸಿಆರ್‌ಪಿ ಜಮೀನು, ಅಂದರೆ ಫೆಸೆಂಟ್‌ಗಳಿಗೆ ಹೇಳಿ ಮಾಡಿಸಿದ ಹುಲ್ಲುಗಾವಲು.

ಹಾಸನ: ಹಕ್ಕಿ ಸೀಸನ್ನಿನ ಮೊದಲ ಶನಿವಾರ ಆ ಜಮೀನುಗಳ ಅಂಚಿನಲ್ಲಿ ಎಷ್ಟು ಪಿಕಪ್‌ಗಳು ನಿಂತಿರುತ್ತವೆ ಎಂಬುದನ್ನು ನೀನು ನೋಡಿಲ್ಲ. ಅಪರಿಚಿತರ ಬಂದೂಕುಗಳ ನಡುವೆ ನಡೆಯುವುದಕ್ಕಿಂತ, ನಾವು ಮೂವರೇ ಇದ್ದೇವೆ ಎಂದು ಖಚಿತವಾಗಿ ಗೊತ್ತಿರುವ ಜಮೀನಿಗೆ ಹಣ ಕೊಡುವುದು ನನಗೆ ಮೇಲು.

ಮಡಿಕೇರಿ: ಸುರಕ್ಷತೆಯ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಆ ಜಮೀನಿನಲ್ಲಿ ನಿನ್ನೆಯವರೆಗೆ ಯಾರು ಬೇಟೆಯಾಡುತ್ತಿದ್ದರು ಎಂದು ಯಾರಾದರೂ ಕೇಳಿದ್ದೀರಾ? ಪಕ್ಕದ ಊರಿನ ಹುಡುಗ ಭಾನುವಾರ ರೈತನ ಬೇಲಿ ಕಟ್ಟಿಕೊಟ್ಟು, ಅದರ ಋಣದಲ್ಲಿ ಅನುಮತಿ ಪಡೆಯುತ್ತಿದ್ದ; ನಗರದವರ ಹಣ ಬಂದ ಮೇಲೆ ಅವನಿಗೆ ಬಾಗಿಲು ಮುಚ್ಚಿತು. ಇದು ಅಲ್ಲಿಯ ಹಳ್ಳಿಗಳಲ್ಲಿ ನಿಜವಾದ ದೂರು. ಬೆಳೆಯ ಬೆಲೆ ಬಿದ್ದಾಗ ಆ ಹಣವೇ ರೈತನ ಕೈ ಹಿಡಿಯುತ್ತದೆ ಎಂಬುದೂ ನಿಜ, ಹಾಗಾಗಿ ರೈತನನ್ನು ದೂರಲಾರೆ.

ಸಿರ್ಸಿ: ನನಗೆ ಕೋವಿ ಹಿಡಿದೇ ಗೊತ್ತಿಲ್ಲ. ಸುಮ್ಮನೆ ಜೊತೆಗೆ ಬಂದು ಹಾಸನನ ಬಂದೂಕಿನಿಂದ ಒಂದೆರಡು ಗುಂಡು ಹೊಡೆದರೆ ಸಾಲದೇ?

ಗದಗ: ಸಿರ್ಸಿ, ನೀನು ಎಚ್-1ಬಿ ವೀಸಾದಲ್ಲಿದ್ದೀಯ. ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದಿರುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ, ಸ್ನೇಹಿತನದ್ದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದೆ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಯಾವುದಾದರೊಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸು ನಿನ್ನ ಹೆಸರಿನಲ್ಲಿದ್ದರೆ ಅದಕ್ಕೆ ವಿನಾಯಿತಿಯಿದೆ. ಕಾನ್ಸಾಸ್‌ನಲ್ಲಿ 1957ರ ಜುಲೈ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಸಾಮಾನ್ಯ ಲೈಸೆನ್ಸ್ ಸಿಗಬೇಕಾದರೆ ಬೇಟೆ ಶಿಕ್ಷಣದ ಕೋರ್ಸು ಮುಗಿದಿರಬೇಕು. ಮೊದಲು ಕೋರ್ಸು, ಆಮೇಲೆ ಲೈಸೆನ್ಸು, ನಡುವೆ ವಲಸೆ ವಕೀಲರ ಒಂದು ಮಾತು. ಕೋವಿ ಮುಟ್ಟುವುದು ಕೊನೆಗೆ. ಗ್ರೀನ್ ಕಾರ್ಡಿನ ಅರ್ಜಿ ಬಾಕಿಯಿರುವವನು ಇಂಥದ್ದರಲ್ಲಿ ಉದಾಸೀನ ಮಾಡಬಾರದು ಮಾರಾಯ.

ಸಿರ್ಸಿ: ಒಳ್ಳೆಯದಾಯಿತು, ಈಗಲೇ ಹೇಳಿದೆ. ಕೋರ್ಸಿಗೆ ಇವತ್ತೇ ಹೆಸರು ಕೊಡುತ್ತೇನೆ.

ಮಡಿಕೇರಿ: ಗೈಡ್ ಇಲ್ಲ ಎಂಬುದರ ಅರ್ಥವನ್ನೂ ಬಿಡಿಸಿ ಹೇಳುತ್ತೇನೆ. ಸಂಜೆ ಕತ್ತಲಾಗುವ ಹೊತ್ತಿಗೆ ಜಿಂಕೆ ಬಿದ್ದರೆ, ರಕ್ತದ ಜಾಡು ಹಿಡಿದು ಹುಡುಕುವವನೂ ನೀನೇ. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಹೊಟ್ಟೆ ಸೀಳುವಾಗ ಚಾಕುವಿನ ಅಲಗನ್ನು ಮೇಲ್ಮುಖವಾಗಿ ಹಿಡಿದು, ಕರುಳಿಗೂ ಮೂತ್ರಕೋಶಕ್ಕೂ ತಾಗದಂತೆ ಚರ್ಮವನ್ನೂ ಅದರಡಿಯ ತೆಳು ಸ್ನಾಯುವನ್ನೂ ಮಾತ್ರ ಸೀಳಬೇಕು. ಅವು ಒಡೆದರೆ ಮಾಂಸ ಕೆಡುತ್ತದೆ. ಆಮೇಲೆ ಎದೆಗೂಡನ್ನು ಕೋಲಿನಿಂದ ಅಗಲಿಸಿ ತಣ್ಣಗಾಗಲು ಬಿಟ್ಟು, ಅಷ್ಟು ಭಾರವನ್ನು ವಾಹನದವರೆಗೆ ಎಳೆದು ತರಬೇಕು. ಆ ಭಾಗದ ಜಿಂಕೆಗಳಲ್ಲಿ ಮಿದುಳಿಗೆ ಹತ್ತಿ ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ರೋಗವಿರುವುದರಿಂದ ಪರೀಕ್ಷೆಯ ಫಲಿತಾಂಶ ಬರುವ ತನಕ ಮಾಂಸ ತಿನ್ನದಿರುವುದು ಲೇಸು.

ಧಾರವಾಡ: ಊಟದ ಹೊತ್ತಿನಲ್ಲಿ ಇದನ್ನು ಓದಿದೆ, ಧನ್ಯವಾದಗಳು. ನಿಮ್ಮ ಕ್ಲಬ್ಬಿನ ಬಗ್ಗೆ ನನ್ನದೊಂದು ಪ್ರಶ್ನೆ: ಮೂವರು ಒಂದೇ ಸದಸ್ಯತ್ವದಲ್ಲಿ ಹೋಗಬಹುದು ಎಂದು ಅದರ ನಿಯಮಗಳಲ್ಲಿ ಎಲ್ಲಿ ಬರೆದಿದೆ?

ಹಾಸನ: ಈಗ ಓದಿದೆ. ಬಂದೂಕು ಹಿಡಿಯುವ ಪ್ರತಿಯೊಬ್ಬನೂ ಪ್ರತ್ಯೇಕ ಸದಸ್ಯನಾಗಿರಬೇಕಂತೆ; ಅತಿಥಿಯಾಗಿ ಬಂದವನು ಜೊತೆಗೆ ನಡೆಯಬಹುದು, ಬೇಟೆಯಾಡುವಂತಿಲ್ಲ. ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ಸಿಲ್ಲ ಎಂದೂ ಇದೆ.

ಗದಗ: ಹಾಗಾದರೆ ನಾನು ಈ ವರ್ಷ ಸೇರುವುದಿಲ್ಲ. ನವೆಂಬರ್‌ನಲ್ಲಿ ಹಕ್ಕಿ ಸೀಸನ್ ಶುರುವಾಗುವ ಶನಿವಾರ, ಭಾನುವಾರ ಬಿಟ್ಟು ಅದರ ನಂತರದ ಮಂಗಳವಾರ ರಜೆ ಹಾಕಿ ಬರುತ್ತೇನೆ, ವಾಕ್-ಇನ್ ಜಮೀನುಗಳಲ್ಲಿ ಆಗ ಜನ ಕಡಿಮೆ. ಸಿರ್ಸಿಗೆ ಅಷ್ಟರಲ್ಲಿ ಲೈಸೆನ್ಸ್ ಬಂದಿದ್ದರೆ ಅವನೂ ಬರಲಿ.

ಹಾಸನ: ನಾನು ಸೇರುವುದು ಸೇರುತ್ತೇನೆ, ಜಿಂಕೆಗಾಗಿ. ಮಂಗಳವಾರದ ಹಕ್ಕಿಗೆ ನಿಮ್ಮ ಜೊತೆಯಲ್ಲೇ ಬರುತ್ತೇನೆ. ಬೇರೆ ಬೇಟೆಗಾರರ ಕಣ್ಣಿಗೆ ಬೀಳುವಂತೆ ತೊಡುವ ಕಿತ್ತಳೆ ಬಣ್ಣದ ಜಾಕೆಟ್ಟುಗಳು ನನ್ನ ಹತ್ತಿರ ಎರಡಿವೆ, ಸಿರ್ಸಿ ತನ್ನ ಅಳತೆ ಕಳುಹಿಸಲಿ.