ಅಟೋರ್ವಾದಿಂದ ರೋಸುವಾಗೆ (ಎರಡೂ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳು) ಬದಲಾಯಿಸಿದವರು ಇದ್ದೀರಾ?

ಅಪ್ಪನಿಗೆ 61. ಸ್ಟೆಂಟ್ ಹಾಕಿದಾಗಿನಿಂದ ಅಟೋರ್ವಾಸ್ಟಾಟಿನ್ 40 ತಗೊಳ್ತಿದ್ದಾರೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 64ಕ್ಕೆ ಇಳಿದಿದೆ, ಅದು ಖುಷಿನೇ. ಆದರೆ ಎರಡೂ ಮೀನಖಂಡ ನೋಯುತ್ತವೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲುತ್ತಾರೆ. ಮಾತ್ರೆ ಬಿಟ್ಟೇಬಿಡ್ತೀನಿ ಅಂತ ಹಟ ಬೇರೆ. ಡಾಕ್ಟರ್ ರೋಸುವಾಸ್ಟಾಟಿನ್ 10 ಅಂದಿದ್ದಾರೆ. 40 ಎಲ್ಲಿ, 10 ಎಲ್ಲಿ! ಕಮ್ಮಿ ಆಗಲ್ವಾ?

ಉತ್ತರ: ಮೆಡಿಕಲ್ ಶಾಪ್ ನಡೆಸುತ್ತೇನೆ, ಈ ಪ್ರಶ್ನೆ ದಿನಾ ಬರುತ್ತೆ. ಮಿಲಿಗ್ರಾಂ ನೋಡಿ ಹೋಲಿಸಬೇಡಿ. ರೋಸುವಾ 10 ಹೆಚ್ಚುಕಮ್ಮಿ ಅಟೋರ್ವಾ 20ರಷ್ಟು ಕೆಲಸ ಮಾಡುತ್ತೆ. ಅಂದ್ರೆ ಸ್ವಲ್ಪ ಕಮ್ಮಿನೇ. ಸಾಲದಿದ್ದರೆ ಡೋಸ್ ಏರಿಸುತ್ತಾರೆ, ಇಲ್ಲವೇ ಎಜೆಟಿಮೈಬ್ ಅನ್ನೋ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಸ್ಟೆಂಟ್ ಇರುವವರು ಸುಮ್ನೆ ಮಾತ್ರೆ ನಿಲ್ಲಿಸಲೇಬಾರದು.

ಉತ್ತರ: ಸಿಪಿಕೆ (ಸ್ನಾಯುಗಳಿಗೆ ಹಾನಿ ಆಗಿದೆಯಾ ಅಂತ ನೋಡುವ ರಕ್ತ ಪರೀಕ್ಷೆ), ಥೈರಾಯ್ಡ್, ವಿಟಮಿನ್ ಡಿ ಮಾಡಿಸಿದ್ರಾ? ನನ್ನ ಕಾಲುನೋವಿಗೆ ಥೈರಾಯ್ಡೇ ಕಾರಣ ಆಗಿತ್ತು. ಪಾಪ, ಬೈಸಿಕೊಂಡದ್ದು ಸ್ಟಾಟಿನ್. ನೋವು ಜಾಸ್ತಿಯಾಗಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಥೈರಾಯ್ಡ್ ಮಾಡಿಸಿಲ್ಲ ಸರ್, ನಾಳೆ ಡಾಕ್ಟರನ್ನು ಕೇಳ್ತೀನಿ. ರೋಸುವಾ ರಾತ್ರಿನೇ ತಗೋಬೇಕಾ?

ಉತ್ತರ: ಯಾವ ಹೊತ್ತಾದರೂ ಸರಿ, ದಿನಾ ಒಂದೇ ಹೊತ್ತಿಗಿರಲಿ. ರಾತ್ರಿ ನಿಯಮ ಇನ್ನೊಂದು ಸ್ಟಾಟಿನ್ ಆದ ಸಿಮ್ವಾಸ್ಟಾಟಿನ್‌ಗೆ. ಬದಲಾಯಿಸಿ 4ರಿಂದ 12 ವಾರದೊಳಗೆ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ) ಮಾಡಿಸಿ.